ಅಟ್ಟದಿಂದ ಇಳಿದ ಓರ್ವೋ ರೋಲ್‌ಗಳು: ಮಳೆಗಾಲದ ಕಂತು

ಶಿವಮೊಗ್ಗದಲ್ಲಿ ಬಾಗಿಲು ಹಾಕಿದ ಸ್ಟುಡಿಯೋ ಒಂದರ ಅಟ್ಟದಿಂದ ಸಿಕ್ಕಿದ್ದ ಹಳೇ ಕಪ್ಪು-ಬಿಳುಪು ಫಿಲ್ಮ್, ಓರ್ವೋ ಎನ್‌ಪಿ 22 ರೋಲ್‌ಗಳಲ್ಲಿ ಮೊದಲ ಕಂತು ತೊಳೆದಾಯಿತು. ಚಿತ್ರ ಬಂದಿದೆ. ಬೂದು ಜಾಸ್ತಿ, ಆದರೆ ಪ್ರಿಂಟ್ ಹಾಕುವಷ್ಟು ಜೀವ ಇದೆ.

ಓರ್ವೋ ಅಂದರೆ ಪೂರ್ವ ಜರ್ಮನಿಯ ವೋಲ್ಫೆನ್ ಕಾರ್ಖಾನೆಯ ಫಿಲ್ಮ್. 1964ರಿಂದ ಈ ಹೆಸರು. 22 ಅನ್ನೋದು ಡಿನ್ ಲೆಕ್ಕ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಜರ್ಮನ್ ಅಳತೆ), ಇವತ್ತಿನ ಐಎಸ್‌ಒ 125ಕ್ಕೆ ಸಮ. ನನ್ನ ಡಬ್ಬಿಗಳ ಮೇಲಿರುವ ಅವಧಿ 1987. ಬರ್ಲಿನ್ ಗೋಡೆ ಬೀಳುವ ಮೊದಲೇ ಎಕ್ಸ್‌ಪೈರಿ ಆದ ಸರಕು!

ಹಳೇ ಫಿಲ್ಮಿಗೆ ಎಲ್ಲರೂ ಹೇಳುವ ಸೂತ್ರ ಒಂದಿದೆ: ಹತ್ತು ವರ್ಷಕ್ಕೆ ಒಂದು ಸ್ಟಾಪ್ ಜಾಸ್ತಿ, ಅಂದರೆ ದುಪ್ಪಟ್ಟು ಬೆಳಕು. ಹಾಗೆ ನೋಡಿದರೆ, ಸುಮಾರು ನಾಲ್ಕು ದಶಕಕ್ಕೆ, 125ರ ಫಿಲ್ಮನ್ನು 8 ಅಂತ ಲೆಕ್ಕ ಹಿಡಿಯಬೇಕು (ಅಂಕೆ ಇಳಿದಷ್ಟೂ ಬೆಳಕು ಜಾಸ್ತಿ). ಆದರೆ ಫ್ರಿಜ್‌ನಲ್ಲಿ ತಣ್ಣಗಿದ್ದ ರೋಲೂ, ಹೆಂಚಿನ ಕೆಳಗೆ ಏಪ್ರಿಲ್ ಬಿಸಿ, ಜುಲೈ ಥಂಡಿ ಎರಡನ್ನೂ ಉಂಡ ರೋಲೂ ಒಂದೇನಾ? ಸೂತ್ರಕ್ಕೆ ಅದು ಗೊತ್ತಿಲ್ಲ. ಅದಕ್ಕೇ ಕ್ಯಾಮೆರಾ ಮುಟ್ಟುವ ಮೊದಲು ಫಾಗ್, ಅಂದರೆ ಬೆಳಕು ಬೀಳದೆಯೇ ಹಿಡಿದ ಮಸುಕು, ಎಷ್ಟಿದೆ ಅಂತ ನೋಡಿಕೊಂಡೆ.

ಇದು ಸುಲಭ. ಕತ್ತಲಲ್ಲಿ ರೋಲಿನ ತುದಿ ಕತ್ತರಿಸಿ, ಬೆಳಕು ತೋರಿಸದೆ, ಒಂದು ಚೂರನ್ನು ಬರೀ ಫಿಕ್ಸರ್‌ಗೆ (ಚಿತ್ರವಾಗದೆ ಉಳಿದ ಬೆಳ್ಳಿ ಲವಣವನ್ನು ಕರಗಿಸಿ ತೆಗೆಯುವ ದ್ರಾವಣ), ಇನ್ನೊಂದನ್ನು ಡೆವಲಪ್ ಮಾಡಿ ಆಮೇಲೆ ಫಿಕ್ಸರ್‌ಗೆ ಹಾಕೋದು. ಮೊದಲನೆಯದು ತಿಳಿಯಾಗಿ ಬಂತು. ಎರಡನೆಯದನ್ನು ಪೇಪರ್ ಮೇಲೆ ಇಟ್ಟರೆ ಹೆಡ್‌ಲೈನ್ ಕಾಣುತ್ತದೆ, ಕೆಳಗಿನ ಸುದ್ದಿ ಓದಲು ಆಗುವುದಿಲ್ಲ. ಚಿತ್ರ ಮೂಡಿಸುವ ಡೆವಲಪರ್‌ಗೆ, ಫಾಗ್ ತಡೆಯುವ ಬೆಂಜೋಟ್ರಯಜೋಲ್‌ನ ಒಂದು ಪರ್ಸೆಂಟ್ ದ್ರಾವಣವನ್ನು ಲೀಟರಿಗೆ 15 ಎಂಎಲ್‌ನಂತೆ ಸೇರಿಸಿ ಮತ್ತೊಂದು ಚೂರು ತೊಳೆದೆ. ಈಗ ಸುದ್ದಿಯ ಸಣ್ಣ ಅಕ್ಷರವೂ ಕಂಡಿತು.

ಕಾರಣ ಇಷ್ಟೇ. ಶಾಖ, ತೇವ, ವಾತಾವರಣದಲ್ಲೇ ಇರುವ ವಿಕಿರಣ ಎಲ್ಲ ಸೇರಿ ಬೆಳಕು ಬೀಳದ ಬೆಳ್ಳಿ ಕಣಗಳನ್ನೂ ಕೆಡಿಸಿರುತ್ತವೆ. ಡೆವಲಪರ್ ಅವನ್ನೂ ಕಪ್ಪು ಮಾಡುತ್ತದೆ. ಬೆಂಜೋಟ್ರಯಜೋಲ್ ಅಂಥ ಅರೆಬರೆ ಕಣಗಳಿಗೆ ಅಡ್ಡ ನಿಲ್ಲುತ್ತದೆ. ಆದರೆ ಸುಮ್ನೆ ಅಲ್ಲ, ನೆರಳಿನ ವಿವರವನ್ನೂ ಸ್ವಲ್ಪ ತಿಂದೇ ತಿನ್ನುತ್ತದೆ. ಅದನ್ನು ಕ್ಯಾಮೆರಾದಲ್ಲೇ ಬೆಳಕು ಕೊಟ್ಟು ತುಂಬಬೇಕು.

ರೊಡಿನಾಲ್ ಅನ್ನೋ ಡೆವಲಪರ್ 1:100 ಹಾಕಿ ಒಂದು ಗಂಟೆ ಅಲ್ಲಾಡಿಸದೆ ಬಿಡಿ ಅಂತ ಸಲಹೆ ಕೊಡುವವರು ಬಹಳ ಜನ. ನನಗೆ ಒಪ್ಪಿಗೆ ಇಲ್ಲ. ಹೊತ್ತು ಹೆಚ್ಚಿದಷ್ಟೂ ಲಾಭ ಫಾಗ್‌ಗೇ. ಬೆಳಕು ಧಾರಾಳವಾಗಿರಲಿ, ಡೆವಲಪಿಂಗ್ ಚುಟುಕಾಗಿರಲಿ ಅನ್ನೋದು ನನ್ನ ಪಕ್ಷ.

ಡೆವಲಪರ್ ಮನೆಯಲ್ಲೇ ಕಲಸಿದ ಡಿ-76. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬಿಳಿಗಾರ 2. ಮೆಟಾಲ್ ಹಾಕುವ ಮೊದಲು ಚಿಟಿಕೆ ಸಲ್ಫೈಟ್ ಮಾತ್ರ ಸಾಕು. ಪೂರ್ತಿ ಸಲ್ಫೈಟ್ ಸುರಿದುಬಿಟ್ಟರೆ ಮೆಟಾಲ್ ಕರಗಲ್ಲ.

ಪುಸ್ತಕಗಳೆಲ್ಲ 20 ಡಿಗ್ರಿ ಅನ್ನುತ್ತವೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅದೆಲ್ಲಿ ತರೋಣ? ಬೇಸಿಗೆಯಲ್ಲಾದರೆ ಮಡಕೆ ನೀರು ಕೈ ಹಿಡಿಯುತ್ತದೆ. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಮಡಕೆ ತಂಪು ಮಾಡೋದೇ ಇಲ್ಲ. ಆದರೆ ಬಾವಿ ನೀರು 24ರ ಆಸುಪಾಸು ಇರುತ್ತದೆ. ಎಲ್ಲವನ್ನೂ, ಕೊನೆಯ ತೊಳೆಯುವ ನೀರನ್ನೂ, ಅದೇ 24ಕ್ಕೆ ನಿಲ್ಲಿಸಿಕೊಂಡು ಡೆವಲಪಿಂಗ್‌ಗೆ ಆರು ನಿಮಿಷ ಕೊಟ್ಟೆ.

ನಿಜವಾದ ಜಗಳ ಫಿಲ್ಮನ್ನು ಡೆವಲಪಿಂಗ್ ಟ್ಯಾಂಕಿನ ರೀಲಿಗೆ ಸುತ್ತುವಾಗ. ಇಷ್ಟು ವರ್ಷ ಸುರುಳಿಯಾಗಿ ಮಲಗಿದ ಫಿಲ್ಮ್ ಬಿಟ್ಟ ಕೂಡಲೇ ವಾಪಸ್ ಸುತ್ತಿಕೊಳ್ಳುತ್ತದೆ. ಕತ್ತಲ ಚೀಲದೊಳಗೆ ಕೈ ಬೆವರುತ್ತದೆ, ಪ್ಲಾಸ್ಟಿಕ್ ರೀಲಿನ ತೋಡಿನಲ್ಲಿ ಅಂಚು ಕಚ್ಚಿಕೊಳ್ಳುತ್ತದೆ. ರೀಲನ್ನು ಹಿಂದಿನ ದಿನವೇ ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಸ್ವಲ್ಪ ವಾಸಿ.

ಪರೀಕ್ಷೆಗೆ ಯಾಶಿಕಾ ಮ್ಯಾಟ್ ಕ್ಯಾಮೆರಾ ಹಿಡಿದು ಇಕ್ಕೇರಿಗೆ ಹೋಗಿದ್ದೆ. ಅಘೋರೇಶ್ವರ ದೇವಸ್ಥಾನದ ಎದುರಿನ ನಂದಿ ಮಂಟಪವನ್ನೇ 125, 50, 25, 12 ಅಂತ ಇಳಿಸುತ್ತಾ ತೆಗೆದೆ. ಮೋಡ ಕವಿದಿತ್ತು, 12ರ ಲೆಕ್ಕಕ್ಕೆ ಎಫ್ 5.6, 1/15 ಸೆಕೆಂಡ್. ಟ್ರೈಪಾಡ್ ಇಲ್ಲದೆ ಆಗದ ಕೆಲಸ. 125ರಲ್ಲಿ ಕಮಾನಿನೊಳಗೆ ಏನೂ ಇಲ್ಲ, ನಂದಿಯೇ ಮಾಯ! 50ರಲ್ಲಿ ಬೆನ್ನಿನ ಗೆರೆ ಮಾತ್ರ. 25ರಲ್ಲಿ ಮುಖ ಬಂತು. 12ರಲ್ಲಿ ಹಿಂದಿನ ಕಲ್ಲೂ ನಂದಿಯೂ ಬೇರೆ ಬೇರೆಯಾಗಿ ಕಾಣುತ್ತವೆ. ಈ ಅಟ್ಟದ ರೋಲ್‌ಗಳಿಗೆ ಇನ್ನು ಮುಂದೆ 12 ಖಾಯಂ. ಸೂತ್ರ ಹೇಳಿದ 8ರ ತನಕ ಇಳಿಯುವ ಅಗತ್ಯ ಬೀಳಲಿಲ್ಲ.

ಒಂದು ತಮಾಷೆ ಕೇಳಿ. ಆ 12ರ ಫ್ರೇಮಿನ ಆಕಾಶದಲ್ಲಿ ತೆಳ್ಳಗೆ ಒಂದು ಅಂಕೆ ಇದೆ, ಪಕ್ಕದಲ್ಲಿ ಚುಕ್ಕೆಗಳು. 120 ಅಳತೆಯ ಈ ರೋಲಿನಲ್ಲಿ ಫಿಲ್ಮಿನ ಹಿಂದೆ ಸುತ್ತಿರುವ ಅಂಕೆ ಬರೆದ ಕಾಗದದ ಶಾಯಿ ವರ್ಷಗಟ್ಟಲೆ ಫಿಲ್ಮಿಗೆ ಒತ್ತಿಕೊಂಡೇ ಇತ್ತಲ್ವಾ, ಅದರ ಗುರುತು. 6x6 ಸೆಂ.ಮೀ. ಚೌಕ ಫ್ರೇಮಿನ ಅಂಕೆಗಳ ಸಾಲು ಕಾಗದದ ನಟ್ಟನಡುವೆ ಇರುವುದರಿಂದ ಕತ್ತರಿಸಿ ತೆಗೆಯಲೂ ಆಗಲ್ಲ. ಗಿಡ, ಕಲ್ಲು, ಅಡಿಕೆ ತೋಟದ ಮೇಲೆ ಬಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಇನ್ನು ಆಕಾಶ ಕಡಿಮೆ, ತೋಟ ಜಾಸ್ತಿ.

ಒಣಗಿಸೋದು ಇನ್ನೂ ಪೂರ್ತಿ ಸರಿಹೋಗಿಲ್ಲ. ಬಚ್ಚಲ ಒಲೆ ಹತ್ತಿರ ಬೇಗ ಒಣಗುತ್ತದೆ, ಆದರೆ ಬೂದಿ ಅಂಟುತ್ತದೆ. ಸದ್ಯ ಖಾಲಿ ಬೀರುವಿನಲ್ಲಿ ಕೆಳಗೆ 40 ವಾಟ್ ಬಲ್ಬ್ ಉರಿಸಿ ನೇತುಹಾಕುತ್ತಿದ್ದೇನೆ. ಪೂರ್ತಿ ಒಣಗದೆ ಕವರಿಗೆ ಹಾಕಿದರೆ ಈ ಹವೆಯಲ್ಲಿ ಬೂಷ್ಟು ಗ್ಯಾರಂಟಿ.

ಅದೇ ಅಟ್ಟದ ಪೆಟ್ಟಿಗೆಯಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೋಲ್‌ಗಳೂ ಇವೆ. ಮುಂದಿನ ಸರದಿ ಅವುಗಳದ್ದು. ಮತ್ತೆ ತುದಿ ಕತ್ತರಿಸಿ ಫಾಗ್ ನೋಡೋದರಿಂದಲೇ ಶುರು. ಎಷ್ಟು ಬೆಂಜೋಟ್ರಯಜೋಲ್ ಅನ್ನೋದು ಆ ಚೂರು ಒಣಗಿದ ಮೇಲೆ.