ನುಂಗುವಾಗ ಗದ್ದ ಎಲ್ಲಿರಬೇಕು?

ಲೋಟದ ತಳದಲ್ಲಿ ಉಳಿದ ಕೊನೆಯ ಗುಟುಕಿಗೆ ತಲೆ ಹಿಂದಕ್ಕೆ ಎತ್ತುತ್ತೇವಲ್ಲ, ನುಂಗಲು ತೊಂದರೆ ಇರುವವರಿಗೆ ಅದೇ ಅಪಾಯದ ಗಳಿಗೆ. ಕತ್ತು ಹಿಂದೆ ಬಾಗಿದರೆ ಶ್ವಾಸನಾಳದ ಬಾಯಿ ತೆರೆದುಕೊಳ್ಳುತ್ತದೆ, ನೀರು ಬೇಗ ಜಾರುತ್ತದೆ. ಮೂಗಿನ ಜಾಗದಲ್ಲಿ ಅಂಚು ಕತ್ತರಿಸಿದ ಲೋಟವಿದ್ದರೆ ತಲೆ ಎತ್ತಬೇಕಿಲ್ಲ. ನಿಂತುಕೊಂಡು ಊಟ ಮಾಡಿಸುವುದೂ ಇದೇ ತಪ್ಪು: ಚಮಚ ಮೇಲಿಂದ ಬಂದರೆ ಮುಖವೂ ಮೇಲೇಳುತ್ತದೆ. ನೀವೂ ಎದುರಿಗೆ ಕುಳಿತುಕೊಳ್ಳಿ.

ಕೂರಿಸುವಾಗ ಶುರು ಮಾಡಬೇಕಾದ್ದು ಸೊಂಟದಿಂದ. ಅದು ಕುರ್ಚಿಯಲ್ಲಿ ಮುಂದೆ ಜಾರಿದರೆ ಗದ್ದ ತಾನಾಗಿ ಮೇಲೇರುತ್ತದೆ. ಬೆನ್ನು 90 ಡಿಗ್ರಿ ನೆಟ್ಟಗೆ, ಪಾದ ನೆಲಕ್ಕೆ.

ನುಂಗುವ ಕ್ರಿಯೆ ತಡವಾಗಿ ಶುರುವಾಗುವವರಲ್ಲಿ ಕೆಲವರಿಗೆ ಗದ್ದವನ್ನು ಎದೆಯತ್ತ ತಗ್ಗಿಸುವುದು ನೆರವಾಗುತ್ತದೆ. ಶ್ವಾಸನಾಳದ ಬಾಗಿಲು ಕಿರಿದಾಗುತ್ತದೆ. ಎಲ್ಲರಿಗೂ ಅಲ್ಲ. ನುಂಗಿದ ಮೇಲೂ ಅನ್ನನಾಳದ ಬಾಯಿಯ ಬಳಿ ಆಹಾರ ಉಳಿದರೆ ಇದೇ ಭಂಗಿ ಅದನ್ನು ಶ್ವಾಸನಾಳಕ್ಕೆ ಚೆಲ್ಲಬಹುದು.

ಗಂಟಲಿನ ಒಂದೇ ಪಕ್ಕ ದುರ್ಬಲವಾಗಿದ್ದರೆ ಮುಖವನ್ನು ದುರ್ಬಲ ಪಕ್ಕಕ್ಕೇ ತಿರುಗಿಸಬೇಕು. ಹೌದು, ತಪ್ಪಾಗಿ ಬರೆದದ್ದಲ್ಲ: ಆ ದಾರಿ ಮುಚ್ಚಿಕೊಂಡು ಆಹಾರ ಚೆನ್ನಾಗಿರುವ ಪಕ್ಕದಿಂದ ಇಳಿಯುತ್ತದೆ. ತಲೆ ವಾಲಿಸುವುದಾದರೆ ಮಾತ್ರ ಚೆನ್ನಾಗಿರುವ ಪಕ್ಕಕ್ಕೆ.

ಕೆಮ್ಮೇ ಬಾರದೆಯೂ ಆಹಾರ ಶ್ವಾಸನಾಳಕ್ಕೆ ಇಳಿಯುವುದುಂಟು. ಹಾಗಾಗಿ ಭಂಗಿಯನ್ನು ನುಂಗುವಾಗಿನ ಎಕ್ಸ್‌-ರೇ ವಿಡಿಯೊ ನೋಡಿ ತಜ್ಞರೇ ಆರಿಸಲಿ. ಊಟವಾದ ಮೇಲೆ 30 ನಿಮಿಷ ಮಲಗಿಸಬೇಡಿ.