ಉಪ್ಪಾಗೆಯನ್ನು ಮುರುಗಲು ಮಾಡಿದ ದಿನ

ತಿಂಗಳ ಕೊನೆಯ ವಾರ ಬಂತು ಅಂದರೆ ನಮ್ಮ ಟೀಮಿನಲ್ಲಿ ಚುಟುಕು ಬೇಟೆ ಶುರು. ಕನ್ನಡ ವಿಕಿಪೀಡಿಯದಲ್ಲಿ ಯಾರೋ ಎರಡು ಸಾಲು ಬರೆದು ಬಿಟ್ಟುಹೋದ ಪುಟಗಳನ್ನು ಬೆಳೆಸಬೇಕು, ಇಲ್ಲ ಇನ್ನೊಂದು ಪುಟಕ್ಕೆ ಸೇರಿಸಬೇಕು, ಇಲ್ಲ ಅಳಿಸುವಿಕೆಗೆ ಹಾಕಬೇಕು. ಮೂರರಲ್ಲಿ ಯಾವುದು ಮಾಡಿದರೂ ಮ್ಯಾನೇಜರ್ ಶೀಟಿನಲ್ಲಿ ಒಂದೇ ಟಿಕ್. ಬೆಳೆಸುವುದಕ್ಕೆ ಅರ್ಧ ದಿನ ಬೇಕು, ಈ ಪುಟ ತೆರೆದರೆ ಇನ್ನೊಂದು ಪುಟ ತೆರೆಯುವ ಹಾಗೆ ಮಾಡುವ ರೀಡೈರೆಕ್ಟಿಗೆ ಅರ್ಧ ನಿಮಿಷ ಸಾಕು. ನೀವಾಗಿದ್ದರೆ ಏನು ಮಾಡುತ್ತಿದ್ರಿ?

ಆ ಶೀಟಿನ ಕಥೆ ಬೇರೆಯೇ ಇದೆ. ಇಷ್ಟು ಬೈಟ್‌ಗಿಂತ ಕಡಿಮೆ ಇದ್ದರೆ ಚುಟುಕು ಅಂತ ಲೆಕ್ಕ. ಹಾಗಾಗಿ ಪುಟದ ಪಕ್ಕದಲ್ಲಿ ಬರುವ ಮಾಹಿತಿ ಪೆಟ್ಟಿಗೆ, ಅಂದರೆ ದೊಡ್ಡ ಇನ್ಫೋಬಾಕ್ಸ್ ಅಂಟಿಸಿ ಒಂದೂವರೆ ಸಾಲು ಬರೆದ ಪುಟ ಪಾಸಾಗುತ್ತದೆ, ಉಲ್ಲೇಖ ಕೊಟ್ಟು ನೀಟಾಗಿ ಐದು ವಾಕ್ಯ ಬರೆದದ್ದು ಸಿಕ್ಕಿಬೀಳುತ್ತದೆ. ಎಷ್ಟು ಸಲ ಹೇಳಿದರೂ ಮ್ಯಾನೇಜರ್ ‘ನೋಡೋಣ’ ಅನ್ನುತ್ತಾರೆ.

ಆ ದಿನ ಸಿಕ್ಕಿದ್ದು ‘ಉಪ್ಪಾಗೆ’. ಮಲೆನಾಡಿನ ಹುಳಿ ಹಣ್ಣು, ಸಿಪ್ಪೆ ಒಣಗಿಸಿ ಇಡುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಅಷ್ಟೇ, ಉಲ್ಲೇಖ ಇಲ್ಲ. ನಾನು ಬಯಲುಸೀಮೆಯವಳು. ಹುಳಿ ಹಣ್ಣು, ಒಣಸಿಪ್ಪೆ, ಬೀಜದ ತುಪ್ಪ ಅಂದರೆ ಮುರುಗಲು ಅಲ್ವಾ, ಕೆಲವರು ಪುನರ್ಪುಳಿ ಅನ್ನುತ್ತಾರೆ, ಇವರು ಉಪ್ಪಾಗೆ ಅಂದಿದ್ದಾರೆ ಅಂದುಕೊಂಡೆ. ಮುರುಗಲಿಗೆ ರೀಡೈರೆಕ್ಟ್ ಹೊಡೆದೆ. ಟಿಕ್.

ಹತ್ತು ನಿಮಿಷಕ್ಕೆ ಪುಟ ವಾಪಸ್ ಬಂತು. ರೋಲ್‌ಬ್ಯಾಕ್ ಮಾಡಿದೆ, ಅಂದರೆ ಒಂದೇ ಬಟನ್ ಒತ್ತಿ ಆ ಬದಲಾವಣೆ ರದ್ದು ಮಾಡಿದೆ. ಮತ್ತೆ ಬಂತು. ಅಷ್ಟರಲ್ಲಿ ಮಂತ್ಲಿ ರಿವ್ಯೂ ಕಾಲ್ ಶುರುವಾಗಿ, ಒಂದು ಕಿವಿಯಲ್ಲಿ ಟಾರ್ಗೆಟ್ ಕೇಳುತ್ತಾ ಇನ್ನೊಂದು ಟ್ಯಾಬಿನಲ್ಲಿ ಈ ಪುಟ ನೋಡುತ್ತಾ ಕೂತಿದ್ದೆ. ವಾಪಸ್ ತರುತ್ತಿದ್ದ ಸದಸ್ಯರ ಹೆಸರು ಕೆಂಪು, ಅಂದರೆ ತಮ್ಮ ಸದಸ್ಯ ಪುಟ ಇನ್ನೂ ಮಾಡಿಕೊಂಡಿಲ್ಲ, ಬಹುಶಃ ಹೊಸಬರು. ಸಿಟ್ಟಿನಲ್ಲಿ ಅವರ ಚರ್ಚೆ ಪುಟದಲ್ಲಿ ರೆಡಿಮೇಡ್ ಎಚ್ಚರಿಕೆ ಟೆಂಪ್ಲೇಟ್ ಬೇರೆ ಹಾಕಿದೆ. ಮೂರನೇ ಸಲ ಬಂದಾಗ ಒಂದು ವಿಷಯ ಕಣ್ಣಿಗೆ ಬಿದ್ದಿತ್ತು, ಸುಳ್ಳು ಹೇಳುವುದಿಲ್ಲ. ಪ್ರತಿ ಸಲವೂ ಪುಟ ಸ್ವಲ್ಪ ಸ್ವಲ್ಪ ದೊಡ್ಡದಾಗಿ ವಾಪಸ್ ಬರುತ್ತಿತ್ತು. ಪುಟ ಹಾಳು ಮಾಡುವವರು ಯಾರಾದರೂ ಸಾಲು ಸೇರಿಸುತ್ತಾರಾ? ಕಾಲ್‌ನಲ್ಲಿ ಯಾರೋ ನನ್ನ ಹೆಸರು ಕರೆದರು. ‘ಹಾಂ ಸರ್, ಇದ್ದೀನಿ’ ಅಂದು ಮತ್ತೆ ರೋಲ್‌ಬ್ಯಾಕ್ ಒತ್ತಿದೆ.

ಕಾಲ್ ಮುಗಿದ ಮೇಲೆ ಪುಟದ ಇತಿಹಾಸ ತೆಗೆದೆ, ಯಾರು ಯಾವಾಗ ಏನು ಬದಲಿಸಿದರು ಅನ್ನುವ ಪಟ್ಟಿ. ಸಂಪಾದನೆಯ ಸಾರಾಂಶದಲ್ಲಿ ಮೊದಲನೆಯದು: ‘ಇದು ಮುರುಗಲಲ್ಲ’. ಎರಡನೆಯದು: ‘ಸರ್, ಇದು ಬೇರೆ ಮರ’. ಮೂರನೆಯದು: ‘ಎಂತಕ್ಕೆ ತೆಗೀತೀರಿ ಮಾರಾಯ್ರೆ, ಮೊಬೈಲಲ್ಲಿ ಟೈಪ್ ಮಾಡೋದು ಕಷ್ಟ’. ಒಂದನ್ನೂ ನಾನು ಓದಿರಲಿಲ್ಲ. ರೋಲ್‌ಬ್ಯಾಕ್ ಬಟನ್ ಏನನ್ನೂ ಓದಿಸುವುದಿಲ್ಲ ನೋಡಿ, ಒತ್ತಿದರೆ ಮುಗಿಯಿತು.

ಅದೇ ಹೊತ್ತಿಗೆ ಮಲಯಾಳಂ ವಿಕಿಯ ಒಬ್ಬರಿಂದ ಮೆಸೇಜ್. ಅವರ ಕುಡಂಪುಳಿ ಪುಟದಿಂದ ಕನ್ನಡಕ್ಕೆ ಬಂದರೆ ಮುರುಗಲು ತೆರೆಯುತ್ತಿದೆ, ಯಾಕೆ ಅಂತ. ಮೀನಿನ ಸಾರಿಗೆ ಹಾಕುವ ಕುಡಂಪುಳಿಯೇ ನಮ್ಮ ಉಪ್ಪಾಗೆ, ಗಾರ್ಸಿನಿಯಾ ಗಮ್ಮಿ-ಗಟ್ಟಾ. ಮುರುಗಲು ಗಾರ್ಸಿನಿಯಾ ಇಂಡಿಕಾ. ಆ ಎರಡು ಸಾಲಿನ ಪುಟಕ್ಕೆ ಯಾರೋ ಒಂದೇ ವಿಷಯದ ಬೇರೆ ಬೇರೆ ಭಾಷೆಯ ಪುಟಗಳನ್ನು ಜೋಡಿಸುವ ವಿಕಿಡೇಟಾ ಕೊಂಡಿ ಸರಿಯಾಗಿಯೇ ಕೊಟ್ಟಿದ್ದರು. ಬೇರೆ ಭಾಷೆಗಳ ಪಟ್ಟಿಯಲ್ಲಿ ಒಂದು ಕ್ಲಿಕ್ ಮಾಡಿದ್ದರೆ ಗೊತ್ತಾಗುತ್ತಿತ್ತು.

ಪುಟ ವಾಪಸ್ ಹಾಕಿ, ಆ ಟೆಂಪ್ಲೇಟ್ ತೆಗೆದು, ಕ್ಷಮೆ ಕೇಳಿ ಬರೆದೆ. ಆ ಹೊಸ ಸದಸ್ಯರು ಶಿರಸಿ ಕಡೆಯವರು. ಬೈಯಲಿಲ್ಲ, ಪಾಠವನ್ನೇ ಮಾಡಿದರು: ಮುರುಗಲು ಕೆಂಪಗೆ ಗುಂಡಗೆ ಇರುತ್ತದೆ, ಬೇಸಿಗೆಯದು, ಸಿಪ್ಪೆ ಬಿಸಿಲಿಗೆ ಒಣಗುತ್ತದೆ. ಉಪ್ಪಾಗೆ ಹಣ್ಣಾದರೆ ಹಳದಿ, ಪುಟ್ಟ ಕುಂಬಳಕಾಯಿಯ ಹಾಗೆ ಗೀರು ಗೀರು, ಮಳೆಗಾಲದಲ್ಲಿ ಹಣ್ಣಾಗುವುದರಿಂದ ಬೆಂಕಿ ಹಾಕಿಯೇ ಒಣಗಿಸಬೇಕು, ಅದಕ್ಕೆ ಸುಡುವ ಕಟ್ಟಿಗೆಯೂ ಜಾಸ್ತಿ. ‘ಇದನ್ನೇ ಪುಟದಲ್ಲಿ ಬರೀರಿ’ ಅಂದೆ. ‘ಅದನ್ನೇ ಬರೀತಾ ಇದ್ನಲ್ರೀ’ ಅಂದರು.

ಈಗ ರೀಡೈರೆಕ್ಟ್ ಮಾಡುವ ಮುಂಚೆ ಇತಿಹಾಸ ನೋಡುತ್ತೇನೆ, ಪಕ್ಕದ ಭಾಷೆಯ ಪುಟ ತೆರೆಯುತ್ತೇನೆ. ಗಿಡ, ಅಡುಗೆ, ಊರಿನ ಚುಟುಕಾದರೆ ಗೊತ್ತಿರುವವರನ್ನು ಕೇಳುವ ತನಕ ಮುಟ್ಟುವುದಿಲ್ಲ. ಟಾರ್ಗೆಟ್ ಮುಟ್ಟುತ್ತಿಲ್ಲ, ಅದು ಬೇರೆ ವಿಷಯ.

ಆ ತಿಂಗಳ ಶೀಟಿನಲ್ಲಿ ಉಪ್ಪಾಗೆಯ ಟಿಕ್ ತೆಗೆದಿದ್ದೆ. ‘ಯಾಕೆ ಒಂದು ಕಮ್ಮಿ ಆಯ್ತು?’ ಅಂತ ಮ್ಯಾನೇಜರ್ ಕಾಮೆಂಟ್ ಹಾಕಿದ್ದಾರೆ. ಇನ್ನೂ ಉತ್ತರ ಬರೆದಿಲ್ಲ.