ಹಳೆ ಒಡವೆ ಕರಗಿಸಿದರೆ ತೂಕ ಎಲ್ಲಿ ಹೋಗುತ್ತೆ?

ಅಜ್ಜನ ಕಾಲದಿಂದ ಸಾಗರದಲ್ಲಿ ನಮ್ಮದು ಚಿನ್ನದ ಕೆಲಸ. ಅಂಗಡಿಗೆ ಬಂದವರು, ಮದುವೆಮನೆಯಲ್ಲಿ ಸಿಕ್ಕವರು, ನೆಂಟರು, ಎಲ್ಲರೂ ಕೇಳೋದು ಇದೊಂದನ್ನೇ: "ತೂಗಿದಾಗ ಇದ್ದಷ್ಟು ಕರಗಿಸಿದ ಮೇಲೆ ಯಾಕೆ ಇರಲ್ಲ?" ಬಾಯಿಬಿಟ್ಟು ಹೇಳದಿದ್ದರೂ ಅದರ ಹಿಂದೆ ಒಂದು ಗಾದೆ ಇರುತ್ತೆ. ಅಕ್ಕನ ಚಿನ್ನವನ್ನೂ ಅಕ್ಕಸಾಲಿಗ ಬಿಡಲ್ಲ ಅನ್ನೋದು. ಪಂಕ್ತಿಯಲ್ಲಿ ಯಾರೋ ಆ ಗಾದೆ ಹೇಳಿದ್ದಕ್ಕೆ ಅಪ್ಪ ಊಟ ಬಿಟ್ಟು ಎದ್ದದ್ದನ್ನು ನಾನು ನೋಡಿದ್ದೇನೆ.

ನೀವು ತೂಗಿದ್ದೆಲ್ಲ ಚಿನ್ನ ಆಗಿರಲಿಲ್ಲ. ಉತ್ತರ ಇಷ್ಟೇ. ಆದರೆ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಹೋದ ತಿಂಗಳು ಒಬ್ಬರು ಅಜ್ಜಿ ತಮ್ಮ ತಾಯಿಯ ಗುಂಡಿನ ಸರ ತಂದಿದ್ದರು. ಮೊಮ್ಮಗಳಿಗೆ ಬಳೆ ಮಾಡಿಸಬೇಕಿತ್ತು. ತಕ್ಕಡಿ 32 ಗ್ರಾಂ ತೋರಿಸಿತು. ಅವರನ್ನು ಒಲೆ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂರಿಸಿದೆ. ಒಂದು ಗುಂಡನ್ನು ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸಿದೆ. ದಾರ ಪೋಣಿಸುವ ತೂತಿನಿಂದ ಬೆಲ್ಲದ ಪಾಕದ ಹಾಗೆ ಕಪ್ಪಗೆ ಏನೋ ಇಳಿಯಿತು. ಅರಗು! ಗುಂಡಿನ ಮೈ ಕಾಗದದಷ್ಟು ತೆಳ್ಳಗಿರುತ್ತೆ, ಒಳಗೆ ಅರಗು ಇಲ್ಲದಿದ್ದರೆ ಸ್ವಲ್ಪ ತಾಗಿದರೂ ನೆಗ್ಗಿಹೋಗುತ್ತೆ. ಮೋಸಕ್ಕೆ ತುಂಬಿದ್ದಲ್ಲ. ಕಡಿಮೆ ಚಿನ್ನದಲ್ಲಿ ಮೈತುಂಬ ಕಾಣೋ ಸರ ಮಾಡುವ ಜಾಣತನ ಅದು. ಕೊಡಗಿನ ಜೋಮಾಲೆಯ ಮಣಿಗಳೂ ಹೀಗೇ.

ಆಮೇಲೆ ಬೆಸುಗೆ. ಅಚ್ಚ ಚಿನ್ನ ಕರಗಲು 1064 ಡಿಗ್ರಿ ಕಾವು ಬೇಕು. ಬೆಸುಗೆ ಒಡವೆಗಿಂತ ಮೊದಲೇ ಕರಗಬೇಕು, ಇಲ್ಲದಿದ್ದರೆ ಒಡವೆಯೇ ಕೆಡುತ್ತೆ. ಅದಕ್ಕೇ ಬೆಸುಗೆಗೆ ತಾಮ್ರ, ಬೆಳ್ಳಿ ಬೆರೆಸುತ್ತಿದ್ದರು. ಕರಗಿಸಿದಾಗ ಅದು ಚಿನ್ನದ ಜೊತೆ ಸೇರಿ ಟಚ್, ಅಂದರೆ ಚಿನ್ನದ ಶುದ್ಧತೆ, ಇಳಿಸುತ್ತೆ. 22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. ಆ ಮಟ್ಟಕ್ಕೆ ಲೆಕ್ಕ ಹಾಕಿದಾಗ ತೂಕ ಮತ್ತೆ ಇಳಿಯುತ್ತೆ. ಕೊಂಡಿ, ಗೆಜ್ಜೆ, ಹರಳಿನ ಮನೆ ಜಾಸ್ತಿ ಇದ್ದಷ್ಟೂ ಬೆಸುಗೆ ಜಾಸ್ತಿ.

ನಂತರ ಕೆಡಿಎಂ ಬಂತು. ಬೆಸುಗೆಯಲ್ಲಿ 92 ಪಾಲು ಚಿನ್ನ, 8 ಪಾಲು ಕ್ಯಾಡ್ಮಿಯಂ. ಕಾವಿಗೆ ಕ್ಯಾಡ್ಮಿಯಂ ಹೊಗೆಯಾಗಿ ಹೋಗುತ್ತೆ, ಹಾಗಾಗಿ ಟಚ್ ಉಳಿಯುತ್ತಿತ್ತು. ಆ ಹೊಗೆ ಕುಡಿದವರು ಮಾತ್ರ ಒಲೆ ಮುಂದೆ ಕೂತವರು. ಅದು ಶ್ವಾಸಕೋಶ ತಿನ್ನುವ ವಿಷ. "ಕೆಡಿಎಂ ಚಿನ್ನ ಕೊಡಿ" ಅಂತ ಈಗಲೂ ಕೇಳುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಹಾಲ್‌ಮಾರ್ಕ್ ಕೇಳಿ. 2023ರ ಏಪ್ರಿಲ್ 1ರಿಂದ ಅದರ ಜೊತೆ ಎಚ್‌ಯುಐಡಿ, ಅಂದರೆ ಅಕ್ಷರ, ಅಂಕಿ ಸೇರಿ ಆರು ಇರುವ, ಆ ಒಡವೆಯದೇ ಆದ ಗುರುತಿನ ಸಂಖ್ಯೆ ಇರಲೇಬೇಕು.

ವೇಸ್ಟೇಜ್ ಬಗ್ಗೆಯೂ ಒಂದು ಮಾತು. ಕೈಕೆಲಸದಲ್ಲಿ ಅರ ಉಜ್ಜಿದಾಗ ಪುಡಿ ಉದುರುತ್ತೆ. ನೆಲ ಗುಡಿಸಿ, ಕಸ ತೊಳೆದು ಚಿನ್ನ ತೆಗೆದರೂ ಪೂರ್ತಿ ಸಿಗಲ್ಲ. ಅದು ನಿಜವಾದ ನಷ್ಟ. ಆದರೆ ಮೆಷಿನ್‌ನಲ್ಲಿ ಮಾಡಿದ ಚೈನಿಗೂ ಅಷ್ಟೇ ವೇಸ್ಟೇಜ್ ಹಾಕೋದು ತಪ್ಪು. ನಮ್ಮವರಿಗೂ ಇದನ್ನೇ ಹೇಳುತ್ತೇನೆ.

ನೀವು ಎಲ್ಲೇ ಕರಗಿಸಿ, ಎದುರಲ್ಲೇ ಕರಗಿಸಲು ಹೇಳಿ. ಮೊದಲು ತೂಗಿಸಿ, ಅರಗು ಇಳಿದ ಮೇಲೆ ತೂಗಿಸಿ, ಗಟ್ಟಿಯಾದ ಮೇಲೆ ಟಚ್ ನೋಡಿಸಿ. ಬೇಡ ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ಅಜ್ಜಿಯ ಗಟ್ಟಿ 24 ಗ್ರಾಂ ತೂಗಿತು. ಅವರು ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿ ನನ್ನ ಕೈಗೆ ಕೊಟ್ಟರು. ಕಲ್ಲಿನ ಮೇಲೆ ಗಟ್ಟಿಯಾಗಿದ್ದ ಅರಗಿನ ಕಡೆ ಬೆರಳು ತೋರಿಸಿದರು. "ಅದೂ ಅಮ್ಮನ ಕೊರಳಲ್ಲಿ ಇದ್ದದ್ದೇ ಅಲ್ವಾ? ಕಟ್ಟಿಕೊಡಪ್ಪ." ಕಾಗದದಲ್ಲಿ ಸುತ್ತಿ ಕೊಟ್ಟೆ.